ಕಪ್ಪು ಎರಡು, ಬಿಳಿ ನಾಲ್ಕು

ಕಡಬದಿಂದ ಪಂಜದ ಕಡೆಗೆ ಸಾಗುವ ಹಾದಿಯಲ್ಲಿ ಸಿಗುವ ಕೋಡಿಂಬಾಳವು ಅಡಕೆಯ ತೋಟಗಳೂ ರಬ್ಬರಿನ ಸಾಲುಗಳೂ ಕೂಡಿ ಮುಸುಕಿದ ಊರು. ಆಟಿ ತಿಂಗಳ ಜಡಿಮಳೆಗೆ ಹೊರಗೆಲಸವೆಲ್ಲ ನಿಂತು, ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿ ಮನೆ ಸೇರಿರುವ ಹೊತ್ತಿನಲ್ಲಿ, ಈ ಸೀಮೆಯ ದೇವಸ್ಥಾನದ ಚಾವಡಿಗಳಲ್ಲಿಯೂ ಭಜನಾಮಂದಿರಗಳಲ್ಲಿಯೂ ತಾಳಮದ್ದಳೆಯ ಕೂಟಗಳು ನಡೆಯುವುದು ಹಿಂದಿನಿಂದ ಬಂದ ರೂಢಿ. ಅರ್ಥಧಾರಿಗಳು ಚಾಪೆಯ ಮೇಲೆ ಎದುರುಬದುರಾಗಿ ಕುಳಿತು ಎಲೆಯಡಕೆ ಮುಗಿಸುವಷ್ಟರಲ್ಲಿ ಹಿಮ್ಮೇಳದ ಕಡೆಯಿಂದ ಒಂದು ಪುಟ್ಟ ಮಾತು ಕೇಳಿಬರುತ್ತದೆ.

"ಶ್ರುತಿ ಎಷ್ಟು ಇಡ್ಲಿ ಭಾಗವತ್ರೇ?"

"ಕಪ್ಪು ಎರಡು ಇಡು ಮಾರಾಯ."

ಹಾಗೆಂದೊಡನೆ ಹುಡುಗನೊಬ್ಬನು ಅಂಗೈಯಗಲದ ಪೆಟ್ಟಿಗೆಯೊಂದರ ಗುಂಡಿಯನ್ನು ತಿರುಗಿಸುತ್ತಾನೆ. ಅದೂ ಇಲ್ಲದಿದ್ದರೆ ಮೊಬೈಲಿನ ಗಾಜನ್ನು ಬೆರಳಿನಿಂದ ಒಮ್ಮೆ ಸವರುತ್ತಾನೆ. ಷಡ್ಜಪಂಚಮಗಳು ಹೊಮ್ಮುತ್ತವೆ, ಭಾಗವತರು ಜಾಗಟೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಆದರೆ ಆ ಚಾವಡಿಯಲ್ಲಿ ಕಪ್ಪಾದುದು ಎಂಬುದೊಂದಿಲ್ಲ, ಎರಡನೆಯದು ಎಂಬುದೂ ಇಲ್ಲ. ಹಾರ್ಮೋನಿಯಮ್ಮಿನ ಮಂದ್ರದಿಂದ ತಾರದವರೆಗೆ ಹಾಸಿರುವ ಬಿಳಿಯ ಮನೆಗಳ ನಡುನಡುವೆ ತಲೆಯೆತ್ತಿ ನಿಂತ ಕರಿಯ ಮನೆಗಳಲ್ಲಿ ಎರಡನೆಯದು ಯಾವುದೋ ಅದರ ಸ್ವರವನ್ನು ಷಡ್ಜವಾಗಿ ಹಿಡಿ, ಎಂಬುದು ಆ ಮಾತಿನ ಅರ್ಥ. ವಾದ್ಯವು ಸಭೆಯಿಂದ ಎದ್ದುಹೋಗಿ ಎಷ್ಟೋ ಕಾಲವಾದ ಮೇಲೆಯೂ ಅದರ ಭಾಷೆ ಹಾಡುವವರ ನಾಲಗೆಯಲ್ಲಿ ಉಳಿದಿದೆ. ಆ ವಾದ್ಯವನ್ನು ಮಾರಿ, ಬಿಚ್ಚಿ, ಶೋಧಿಸಿ, ಮತ್ತೆ ಕೂಡಿಸಿಕೊಡುತ್ತಿದ್ದ ಅಂಗಡಿಗಳು ಮಾತ್ರ ನಮ್ಮ ಪೇಟೆಗಳಿಂದ ಒಂದೊಂದಾಗಿ ಮರೆಯಾದವು. ಅವು ಹೇಗೆ ಬಂದವು, ಏಕೆ ಬಾಳಿದವು, ಯಾವುದರಿಂದ ಬಾಗಿಲು ಹಾಕಿದವು ಎಂಬುದನ್ನು ಹೇಳುವುದೇ ಈ ಬರೆಹದ ಉದ್ದೇಶ.

ಅಂಗಡಿ ಹುಟ್ಟುವುದಕ್ಕೆ ಮುನ್ನವೂ ವಾದ್ಯಗಳು ಇದ್ದವೆಂಬುದನ್ನು ಮೊದಲು ನೆನೆಯಬೇಕು. ಯಕ್ಷಗಾನದ ಹಿಮ್ಮೇಳಕ್ಕೆ ಹಳೆಯ ಕಾಲದಲ್ಲಿ ಶ್ರುತಿಯನ್ನು ಒದಗಿಸುತ್ತಿದ್ದುದು ಪುಂಗಿ. ಒಣಗಿಸಿದ ಸೋರೆಬುರುಡೆಗೆ ಕೊಳವೆಯನ್ನೂ ನಾಲಗೆಯನ್ನೂ ಸೇರಿಸಿ, ಅರಗಿನಿಂದ ಮುಚ್ಚಿ, ಕೆನ್ನೆಯಲ್ಲಿ ಗಾಳಿಯನ್ನು ತುಂಬಿಟ್ಟುಕೊಂಡು ಉಸಿರು ಕಡಿಯದಂತೆ ಇರುಳಿಡೀ ಊದುವ ಆ ಸಾಧನವನ್ನು ಕೊಳ್ಳಲು ಯಾರೂ ಪೇಟೆಗೆ ಹೋಗಬೇಕಾಗಿರಲಿಲ್ಲ. ಸೋರೆಯ ಬಳ್ಳಿ ಹಿತ್ತಲಲ್ಲಿತ್ತು, ಬಿದಿರು ಗುಡ್ಡದಲ್ಲಿತ್ತು. ಬಡಗುತಿಟ್ಟಿನ ಕಡೆ ಮುಖವೀಣೆಯೂ ಇದ್ದಿತು. ಮದ್ದಳೆಯ ಕಳಸೆಯನ್ನು ಹಲಸಿನ ಮರದಲ್ಲಿ ಕೊರೆಯುವ ಆಚಾರಿಯೂ, ಚರ್ಮವನ್ನು ಹದಮಾಡಿ ಮುಚ್ಚಿಗೆ ಕಟ್ಟುವ ಕುಶಲಿಯೂ ಆ ಗ್ರಾಮದಲ್ಲೇ ಅಥವಾ ನೆರೆಯ ಮಾಗಣೆಯಲ್ಲೇ ಇರುತ್ತಿದ್ದು, ಅವರ ಕೂಲಿಯು ಭತ್ತದ ಅಳತೆಯಲ್ಲಿ ತೀರುತ್ತಿದ್ದಿತು. ಆದರೆ ಪುಂಗಿಗೆ ಒಂದು ದೊಡ್ಡ ಮಿತಿಯಿತ್ತು: ಅದರ ಶ್ರುತಿ ಅದು ಹುಟ್ಟಿದಂದು ಗೊತ್ತಾದ ಶ್ರುತಿ. ಭಾಗವತರ ಕಂಠವು ಬುರುಡೆಗೆ ಹೊಂದಿಕೊಳ್ಳಬೇಕಾಗಿತ್ತೇ ಹೊರತು ಬುರುಡೆಯು ಕಂಠಕ್ಕೆ ಹೊಂದುತ್ತಿರಲಿಲ್ಲ.

ಈ ಸೋರೆಬುರುಡೆಯ ಲೋಕಕ್ಕೆ ಹಾರ್ಮೋನಿಯಮ್ಮು ಬಂದ ದಾರಿ ದೀರ್ಘವಾದುದು. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡೆಬೆಯ್ನ್ ಎಂಬ ವಾದ್ಯಕಾರನು ಈ ಹೆಸರಿನ ವಾದ್ಯಕ್ಕೆ 1842ರಲ್ಲಿ ಸನ್ನದನ್ನು ಪಡೆದನು. ಕಾಲಿನಿಂದ ತಿದಿಯನ್ನು ಒತ್ತುತ್ತ, ಪೀಠದ ಮೇಲೆ ಕುಳಿತು, ಎರಡು ಕೈಗಳಿಂದಲೂ ನುಡಿಸತಕ್ಕ ಆ ಪೆಟ್ಟಿಗೆಯು ಪಾದ್ರಿಗಳ ಪ್ರಾರ್ಥನೆಯೊಡನೆಯೂ ಅಧಿಕಾರಿಗಳ ದಿವಾನಖಾನೆಯೊಡನೆಯೂ ಹಿಂದೂಸ್ಥಾನಕ್ಕೆ ಇಳಿಯಿತು. ಆದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹಾಡುವ ಜನರಿಗೆ ಕಾಲ್ತಿದಿಯಿಂದ ಏನು ಪ್ರಯೋಜನ? ಆ ತೊಡಕನ್ನು ಬಿಡಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷರು. ಅವರು 1875ರಲ್ಲಿ ತೆರೆದುದು ಒಂದು ವಾದ್ಯದಂಗಡಿಯನ್ನು; ಪಶ್ಚಿಮದಿಂದ ಬಂದ ವಾದ್ಯಗಳನ್ನು ಮಾರುತ್ತ, ಕೆಟ್ಟವನ್ನು ರಿಪೇರಿ ಮಾಡುತ್ತ, ಬಿಚ್ಚಿದುದರ ಒಳಗನ್ನು ನೋಡುತ್ತ ನೋಡುತ್ತ ಅವರು ತಿದಿಯನ್ನು ಕಾಲಿನ ಬಳಿಯಿಂದ ತೆಗೆದು ಪೆಟ್ಟಿಗೆಯ ಬೆನ್ನಿಗೆ ಹಚ್ಚಿದರು. ಎಡಗೈ ಗಾಳಿಗೆ, ಬಲಗೈ ಸ್ವರಕ್ಕೆ. ನಮ್ಮ ದೇಶದ ಹಾರ್ಮೋನಿಯಮ್ಮು ಹುಟ್ಟಿದುದು ಅರಮನೆಯಲ್ಲಿಯೂ ಅಲ್ಲ, ಪಾಠಶಾಲೆಯಲ್ಲಿಯೂ ಅಲ್ಲ, ಅಂಗಡಿಯ ಹಿಂಗೋಣೆಯಲ್ಲಿ. ಆ ಅಂಗಡಿ ದ್ವಾರ್ಕಿನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ವಾದ್ಯದಂಗಡಿಯೆಂದರೆ ಸರಕನ್ನು ಹಿಡಿದುಕೊಡುವ ಕಟ್ಟೆಯಷ್ಟೇ ಎಂದು ಭಾವಿಸುವವರು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು.

ಮಂಗಳೂರಿಗೆ ಮದರಾಸಿನ ಕಡೆಯ ರೈಲು 1907ರಲ್ಲಿ ಬಂದಿತು. ಅದುವರೆಗೆ ಹಡಗನ್ನೂ ಘಟ್ಟದ ಎತ್ತಿನ ಗಾಡಿಯನ್ನೂ ನೆಚ್ಚಿದ್ದ ಕರಾವಳಿಯ ಪೇಟೆಗೆ ಹಗುರವಾದ, ಆದರೆ ಒಡೆಯಬಾರದ ಸಾಮಾನುಗಳನ್ನು ತರಿಸುವುದು ಸುಲಭವಾಯಿತು. ಅದೇ ಕಾಲದಲ್ಲಿ ಕನ್ನಡ ನಾಡಿನಲ್ಲೆಲ್ಲ ವೃತ್ತಿನಾಟಕಗಳ ಭರಾಟೆ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯಂತಹ ಮಂಡಲಿಗಳಲ್ಲಿ ಪರದೆ ಏಳುವುದಕ್ಕೆ ಮುನ್ನವೇ ಹಾರ್ಮೋನಿಯಮ್ಮಿನ ಮೇಷ್ಟರು ಪ್ರೇಕ್ಷಕರನ್ನು ಗೆದ್ದಿರುತ್ತಿದ್ದರು. ಪೇಟೆಯಲ್ಲಿ ನಾಟಕ ನೋಡಿದವನು ತನ್ನ ಊರ ಭಜನಾಮಂಡಲಿಗೂ ಒಂದು ಪೆಟ್ಟಿಗೆ ಬೇಕೆಂದು ಚಂದಾ ಎತ್ತಿದನು. ಹರಿಕಥೆಯ ದಾಸರು ಅದನ್ನು ಶ್ರುತಿಗೆ ಇಟ್ಟುಕೊಂಡರು. ಶಾಲೆಯ ಸಂಗೀತದ ಮಾಸ್ತರರು ಅದರ ಮೇಲೆ ಸರಳೆ ಕಲಿಸಿದರು. ಯಕ್ಷಗಾನದ ಹಿಮ್ಮೇಳಕ್ಕೂ ಅದು ಹೀಗೆಯೇ ನುಗ್ಗಿತು, ಆದರೆ ಬೇರೊಂದು ವೇಷದಲ್ಲಿ: ಅಲ್ಲಿ ಅದಕ್ಕೆ ಹಾಡನ್ನು ನುಡಿಸುವ ಹಕ್ಕು ದೊರೆಯಲಿಲ್ಲ. ಷಡ್ಜಪಂಚಮಗಳ ಮನೆಗಳನ್ನು ಅದುಮಿ ನಿಲ್ಲಿಸಿ, ತಿದಿಯನ್ನು ಎಳೆಯುತ್ತ ಕೂರುವುದಷ್ಟೇ ಅದರ ಕೆಲಸ. ಪುಂಗಿಯ ಆಸನದಲ್ಲಿ ಕುಳಿತ ಹಾರ್ಮೋನಿಯಮ್ಮು ಪುಂಗಿಯ ಧರ್ಮವನ್ನೇ ಪಾಲಿಸಿತು.

ಆದರೂ ಒಂದು ಕ್ರಾಂತಿ ಆಯಿತು. ಭಾಗವತರು ತಮ್ಮ ಕಂಠಕ್ಕೆ ಒಪ್ಪುವ ಶ್ರುತಿಯನ್ನು ಆರಿಸಿಕೊಳ್ಳಬಲ್ಲವರಾದರು. ಏರುಶ್ರುತಿಯ ಗಾನಕ್ಕೆ ಹೆಸರಾದ ಬಲಿಪರ ಪರಂಪರೆಗೂ, ಮಧ್ಯಮದಲ್ಲಿ ನಿಂತು ಸಾಹಿತ್ಯವನ್ನು ತೂಗುವ ಹಾಡುಗಾರರಿಗೂ ಒಂದೇ ಪೆಟ್ಟಿಗೆ ಸಾಲುವಂತಾಯಿತು. 'ಕಪ್ಪು ಎರಡು', 'ಬಿಳಿ ನಾಲ್ಕು' ಎಂಬ ಮಾತುಗಳು ಹುಟ್ಟಿದುದು ಆಗ. ಶ್ರುತಿಗೆ ಹೆಸರು ಬಂದ ಮೇಲೆ ಮದ್ದಳೆಗಾರನ ಹೊಣೆ ಹೆಚ್ಚಿತು. ಮದ್ದಳೆಯ ಬಲಮುಚ್ಚಿಗೆಯನ್ನು ಷಡ್ಜಕ್ಕೆ ಕೂಡಿಸಬೇಕಾದುದರಿಂದಲೂ, ಒಂದು ಕಳಸೆಯನ್ನು ಸ್ವಲ್ಪ ದೂರದವರೆಗೆ ಮಾತ್ರ ಏರಿಸಿ ಇಳಿಸಲು ಸಾಧ್ಯವಾದುದರಿಂದಲೂ, ಒಬ್ಬೊಬ್ಬ ಮದ್ದಳೆಗಾರನು ಎರಡು ಮೂರು ಮದ್ದಳೆಗಳನ್ನು ಹೊತ್ತು ತಿರುಗತೊಡಗಿದನು. ಹೀಗೆ ಬಂದು ಸೇರಿದ ಹೊಸ ವಾದ್ಯವು ಹಳೆಯ ವಾದ್ಯದ ಬೇಡಿಕೆಯನ್ನು ಹೆಚ್ಚಿಸಿದುದು ಆ ಕಾಲದ ಭಾಗ್ಯ. ಇವೆಲ್ಲಕ್ಕೂ ಒಂದು ನೆಲೆ ಬೇಕಾಗಿ ಪೇಟೆಯಲ್ಲಿ ವಾದ್ಯದಂಗಡಿ ನಿಂತಿತು.

ಅಂತಹ ಅಂಗಡಿಯ ಒಳಗನ್ನು ಕಂಡವರಿಗೆ ಅದರ ವಾಸನೆಯೇ ಮೊದಲು ನೆನಪಾಗುವುದು: ಸರೇಸು, ಅರಗು, ಹದಮಾಡಿದ ಚರ್ಮ, ಹಳೆಯ ತೇಗ. ತಾಳ, ಜಾಗಟೆ, ಚಕ್ರತಾಳ, ಗೆಜ್ಜೆಯ ಸರಗಳು ಮೊಳೆಗಳಲ್ಲಿ ತೂಗುತ್ತಿದ್ದವು. ತಬಲಗಳು ಬಟ್ಟೆಯ ಸಿಂಬಿಯ ಮೇಲೆ ಕುಳಿತಿರುತ್ತಿದ್ದವು. ಮೂಲೆಯಲ್ಲಿ ಹೊಟ್ಟೆ ಬಿಚ್ಚಿದ ಹಾರ್ಮೋನಿಯಮ್ಮು ಒಂದಾದರೂ ಇರುತ್ತಿದ್ದಿತು. ಹೊಸ ಪೆಟ್ಟಿಗೆಯ ವ್ಯಾಪಾರದಿಂದ ಅಂಗಡಿ ಬದುಕುತ್ತಿತ್ತೆಂದು ತಿಳಿಯುವುದು ತಪ್ಪು. ಒಂದು ಭಜನಾಮಂಡಲಿಯು ತಲೆಮಾರಿಗೊಂದು ಹಾರ್ಮೋನಿಯಮ್ಮನ್ನು ಕೊಂಡರೆ ಹೆಚ್ಚು. ಅಂಗಡಿಗೆ ಅನ್ನ ಹಾಕುತ್ತಿದ್ದುದು ರಿಪೇರಿ, ಆ ರಿಪೇರಿಯನ್ನು ತಂದುಕೊಡುತ್ತಿದ್ದುದು ನಮ್ಮ ಮಳೆ. ಘಟ್ಟದ ಬುಡದ ಈ ಸೀಮೆಯಲ್ಲಿ ಕಾರ್ತೆಲು ತಿಂಗಳಿನಿಂದ ಸೋಣ ತಿಂಗಳವರೆಗೆ ಗಾಳಿಯೇ ನೀರಾಗಿರುತ್ತದೆ. ಮರ ಉಬ್ಬಿ, ಅದುಮಿದ ಮನೆ ಮೇಲೇಳದೆ, ಕೇಳದ ಸ್ವರವೊಂದು ಒಂದೇ ಸಮನೆ ಕೂಗತೊಡಗುತ್ತದೆ. ತಿದಿಯ ಮಡಿಕೆಗಳ ಚರ್ಮಕ್ಕೆ ಬೂಸು ಹಿಡಿದು ಗಾಳಿ ಸೋರುತ್ತದೆ. ಹಿತ್ತಾಳೆಯ ರೀಡಿನ ಮೇಲೆ ಕಿಲುಬು ಕೂತು ಶ್ರುತಿ ಕೂದಲೆಳೆಯಷ್ಟು ಜಾರುತ್ತದೆ. ಇಷ್ಟು ಸಾಲದೆಂಬಂತೆ ಇಲಿಗಳಿಗೆ ಆ ಚರ್ಮ ಪರಮಪ್ರಿಯ.

ಆ ರೀಡನ್ನು ಶ್ರುತಿಗೆ ತರುವ ಕೆಲಸವನ್ನು ನೋಡಬೇಕಾಗಿತ್ತು. ಹಿತ್ತಾಳೆಯ ತೆಳುವಾದ ನಾಲಗೆಯದು. ಬುಡವು ಬಿಗಿಯಾಗಿ ಕೂತಿದೆ, ತುದಿಯು ಗಾಳಿಗೆ ಕಂಪಿಸುತ್ತದೆ. ಸ್ವರವನ್ನು ಏರಿಸಬೇಕಾದರೆ ತುದಿಯನ್ನು ಕೆರೆದು ಹಗುರಮಾಡಬೇಕು, ಇಳಿಸಬೇಕಾದರೆ ಬುಡವನ್ನು ಕೆರೆದು ಸಡಿಲಿಸಬೇಕು. ಕೆರೆದುದನ್ನು ಮತ್ತೆ ಅಂಟಿಸಲಾಗದು. ಆದುದರಿಂದ ಕೈಗಿಂತ ಮೊದಲು ಕಿವಿ ನಿರ್ಧರಿಸಬೇಕು. ಎರಡು ರೀಡುಗಳನ್ನು ಒಟ್ಟಿಗೆ ಊದಿಸಿ, ಅವುಗಳ ನಡುವೆ ಎದ್ದು ಬೀಳುವ ಅಲೆಗಳು ನಿಧಾನವಾಗುತ್ತ ನಿಧಾನವಾಗುತ್ತ ಕೊನೆಗೆ ಶಮಿಸುವ ಕ್ಷಣವನ್ನು ಕಾಯಬೇಕು. ಈ ಕಿವಿಯು ಪುಸ್ತಕದಿಂದ ಬರತಕ್ಕದ್ದಲ್ಲ. ಪ್ಯಾರಿಸ್ ರೀಡು, ಜರ್ಮನ್ ರೀಡು ಎಂದು ಹಳಬರು ಆದರದಿಂದ ಹೇಳುತ್ತಿದ್ದ ಸರಕು ಸ್ವಾತಂತ್ರ್ಯಾನಂತರದ ಆಮದು ನಿರ್ಬಂಧಗಳಿಂದ ದುರ್ಲಭವಾದ ಮೇಲೆ ಗುಜರಾತಿನ ಪಾಲಿತಾಣದ ರೀಡುಗಳು ಆ ಸ್ಥಾನವನ್ನು ತುಂಬಿದವು. ಹಳೆಯ ಪೆಟ್ಟಿಗೆಯ ಹೊಟ್ಟೆಯಲ್ಲಿ ಜರ್ಮನ್ ರೀಡು ಸಿಕ್ಕರೆ ಅದನ್ನು ಒರೆಸಿ ಹೊಸ ಪೆಟ್ಟಿಗೆಗೆ ಕೂಡಿಸಿಕೊಡುವುದು ಗೌರವದ ಕೆಲಸವಾಗಿತ್ತು.

ಅಂಗಡಿಯ ವರ್ಷವೂ ಮೇಳಗಳ ವರ್ಷವೂ ಒಂದೇ ಆಗಿತ್ತು. ಬೇಷ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಪತ್ತನಾಜೆ. ಅಂದು ಗೆಜ್ಜೆ ಬಿಚ್ಚಿದ ಮೇಳಗಳು ದೀಪಾವಳಿಯ ತರುವಾಯವೇ ಮತ್ತೆ ಹೊರಡುವುದು. ಈ ನಡುವಿನ ಐದಾರು ತಿಂಗಳಲ್ಲಿ ಚೆಂಡೆಗೆ ಹೊಸ ಚರ್ಮ, ಮದ್ದಳೆಗೆ ಹೊಸ ಬಾರು, ಮುಚ್ಚಿಗೆಗೆ ಹೊಸ ಕರಣೆ, ಶ್ರುತಿಪೆಟ್ಟಿಗೆಗೆ ಹೊಸ ತಿದಿ. ನವರಾತ್ರಿಯ ಭಜನೆಗೆ ಮುನ್ನ ಬಂದ ಹಾರ್ಮೋನಿಯಮ್ಮುಗಳು ಅಂಗಡಿಯ ಜಗಲಿಯ ಮೇಲೆ, ಯಾವ ಊರಿನದೆಂದು ಸೀಮೆಸುಣ್ಣದಲ್ಲಿ ಬರೆಸಿಕೊಂಡು, ಸಾಲಾಗಿ ಕುಳಿತಿರುತ್ತಿದ್ದವು. ಕಡಬ, ಪಂಜ, ಸುಬ್ರಹ್ಮಣ್ಯಗಳ ಕಡೆಯವರು ಇದಕ್ಕಾಗಿ ಪುತ್ತೂರಿಗೆ ಇಳಿಯಬೇಕಾಗಿತ್ತು, ಕೆಲಸ ದೊಡ್ಡದಾದರೆ ಮಂಗಳೂರಿಗೆ. ಕಡಬವು ತನ್ನದೇ ತಾಲೂಕಾದುದು ತೀರ ಈಚಿನ ಮಾತು. ಬಹುಕಾಲ ಅದು ಪುತ್ತೂರಿಗೆ ಸೇರಿದ್ದುದರಿಂದ, ಕೋರ್ಟಿನ ಕೆಲಸಕ್ಕೆ ಹೋದವನೇ ಬಸ್ಸಿನ ತಲೆಯ ಮೇಲೆ ಹಾರ್ಮೋನಿಯಮ್ಮನ್ನೂ ಹಾಕಿಕೊಂಡು ಹೋಗುವುದು ಸಹಜವಾಗಿತ್ತು.

ಈ ವಾದ್ಯವು ಹಳ್ಳಿಯಲ್ಲಿ ಹೀಗೆ ಬೇರೂರುತ್ತಿದ್ದಾಗಲೇ ದಿಲ್ಲಿಯಲ್ಲಿ ಅದಕ್ಕೆ ಬಹಿಷ್ಕಾರ ವಿಧಿಸಲ್ಪಟ್ಟಿತು. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ತನ್ನ ಕೇಂದ್ರಗಳಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಆಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಲಯನೆಲ್ ಫೀಲ್ಡನ್. ನಿಷೇಧದ ವಾದಕ್ಕೆ ಬಲವನ್ನು ಒದಗಿಸಿದವರಲ್ಲಿ ಅಲ್ಲಿಯೇ ಪಾಶ್ಚಾತ್ಯ ಸಂಗೀತವನ್ನು ನೋಡಿಕೊಂಡಿದ್ದ ಜಾನ್ ಫೋಲ್ಡ್ಸ್ ಎಂಬ ಸಂಗೀತಗಾರರೊಬ್ಬರು. ರವೀಂದ್ರನಾಥ ಠಾಕೂರರೂ ನಿಷೇಧದ ಪರವಾಗಿದ್ದರು. ಸಮಭಾಗವಾಗಿ ಹಂಚಿದ ಹನ್ನೆರಡು ಸ್ವರಸ್ಥಾನಗಳ ಈ ಪೆಟ್ಟಿಗೆಯಲ್ಲಿ ಶ್ರುತಿಸೂಕ್ಷ್ಮಗಳಿಗೆ ಎಡೆಯಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಇದಕ್ಕೆ ಒಲಿಯದು, ಆದುದರಿಂದ ಇದು ಹಾಡುಗಾರನ ಕಿವಿಯನ್ನು ಕೆಡಿಸುತ್ತದೆ ಎಂಬುದು ಆಕ್ಷೇಪ. ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಒಂದು ಮಾತನ್ನು ಅದರಲ್ಲಿ ಯಾರೂ ಎಣಿಸಲಿಲ್ಲವೆಂದು ನನಗೆ ತೋರುತ್ತದೆ. ಕಂಠವನ್ನು ಹಿಂಬಾಲಿಸುವ ವಾದ್ಯವಾಗಿ ಅದರಲ್ಲಿ ಕೊರತೆಗಳಿದ್ದರೂ, ಬರಿಯ ಆಧಾರಷಡ್ಜವನ್ನು ಹಿಡಿದು ನಿಲ್ಲುವ ವಾದ್ಯವಾಗಿ, ತಂಬೂರಿಯನ್ನು ಕೊಳ್ಳಲಾರದ, ಕೊಂಡರೂ ಬಯಲಿನ ಮಂಜಿನಲ್ಲಿ ಕಾಪಾಡಲಾರದ ಲಕ್ಷಾಂತರ ಜನರಿಗೆ ಶ್ರುತಿಜ್ಞಾನವನ್ನು ಮನೆಬಾಗಿಲಿಗೆ ತಂದುಕೊಟ್ಟುದು ಅದೇ. ಬೆಳಗಾವಿಯ ರಾಮಭಾವು ಬಿಜಾಪುರೆಯವರಂತಹ ಸಾಧಕರು ಅದೇ ದೂಷಿತ ಪೆಟ್ಟಿಗೆಯ ಮೇಲೆ ಒಂದು ಆಯುಷ್ಯವನ್ನೇ ಸವೆಸಿ, ಗಾಯನಕ್ಕೆ ನೆರಳಾಗುವ ಕಲೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದರು. ನಿಷೇಧವು 1971ರ ವೇಳೆಗೆ ಸಡಿಲವಾಯಿತು. ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ತೆರೆದುದು 1976ರ ಡಿಸೆಂಬರಿನಲ್ಲಿ. ಆದುದರಿಂದ ನಮ್ಮ ಸೀಮೆಯ ಅಂಗಡಿಗಳಿಗೆ ಆ ಮೂರು ದಶಕಗಳ ಬಹಿಷ್ಕಾರದ ಬಿಸಿ ತಟ್ಟಲೇ ಇಲ್ಲ.

ಅವುಗಳನ್ನು ತಟ್ಟಿದುದು ಬೇರೊಂದು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಇಂಜಿನಿಯರರೂ ಸ್ವತಃ ವೇಣುವಾದಕರೂ ಆದ ಜಿ. ರಾಜನಾರಾಯಣರು ವಿದ್ಯುತ್ ತಂಬೂರಿಯನ್ನು ರೂಪಿಸಿದರು. ಅದು ಸಂಗೀತಗಾರನೊಬ್ಬನು ಸಂಗೀತಗಾರರ ಕಷ್ಟವನ್ನು ಅರಿತು ಮಾಡಿದ ಉಪಕಾರವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮಳೆಗೆ ಉಬ್ಬದ, ಇಲಿ ಕಡಿಯದ, ಗಾಳಿ ಬೇಡದ, ಶ್ರುತಿ ಜಾರದ, ಚೀಲದಲ್ಲಿ ಹಾಕಿಕೊಂಡು ಹೋಗಬಹುದಾದ ಸಾಧನವದು. ಎಂಟು ಗಂಟೆಯ ಇರುಳಾಟದಲ್ಲಿ ತಿದಿಯೆಳೆದು ರಟ್ಟೆ ಸೋತವರು ಅದನ್ನು ಕೈಮುಗಿದು ಸ್ವಾಗತಿಸಿದುದು ಸಹಜವೇ. ಆದರೆ ಅದರ ಆಗಮನದಿಂದ ಹಿಮ್ಮೇಳದಲ್ಲಿ ಒಂದು ಆಸನ ಬರಿದಾಯಿತು. ಭಾಗವತರ ಬಳಿಯಲ್ಲಿ ತಿದಿಯೆಳೆಯುತ್ತ ಕೂರುತ್ತಿದ್ದವನು ಬಹುಮಟ್ಟಿಗೆ ಕಲಿಯಲು ಬಂದ ಹುಡುಗನಾಗಿರುತ್ತಿದ್ದನು. ಅವನಿಗೆ ಯಾರೂ ಪಾಠ ಹೇಳುತ್ತಿರಲಿಲ್ಲ; ಆದರೆ ಒಂದು ತಿರುಗಾಟದ ಇರುಳುಗಳನ್ನೆಲ್ಲ ಆ ಷಡ್ಜದೊಳಗೆ ಮುಳುಗಿ ಕಳೆದು, ಯಾವ ಪದ್ಯಕ್ಕೆ ಭಾಗವತರು ಎಲ್ಲಿ ಉಸಿರೆಳೆದರು, ವೇಷಧಾರಿ ತಡಮಾಡಿದಾಗ ಪದವನ್ನು ಹೇಗೆ ಹಿಗ್ಗಿಸಿದರು, ಮದ್ದಳೆಗಾರನ ಕಡೆಗೆ ಯಾವಾಗ ಕಣ್ಣು ಹಾಯಿಸಿದರು ಎಂಬುದೆಲ್ಲವನ್ನೂ ಅವನು ನೋಡಿಯೇ ಕಲಿಯುತ್ತಿದ್ದನು. ಗುಂಡಿಯನ್ನು ಒಮ್ಮೆ ತಿರುಗಿಸಿ ಎದ್ದುಹೋಗಬಹುದಾದ ಮೇಲೆ ಆ ಹುಡುಗನು ಅಲ್ಲಿ ಕೂರುವ ಕಾರಣವಿಲ್ಲವಾಯಿತು.

ಅಂಗಡಿಗೆ ಆದುದೂ ಅದೇ. ಹೊಸ ಪೆಟ್ಟಿಗೆಯು ಕೆಟ್ಟರೆ ಅದನ್ನು ತಯಾರಕರಿಗೆ ಕಳುಹಿಸಬೇಕು. ರೀಡನ್ನು ಕೆರೆಯುವ ಕೈಗೆ ಅದರಲ್ಲಿ ಕೆಲಸವಿಲ್ಲ. ಮಳೆಗಾಲದ ರಿಪೇರಿ ನಿಂತಿತು. ರಿಪೇರಿ ನಿಂತ ಮೇಲೆ ಮಗನು ಆ ಕಸುಬನ್ನು ಹಿಡಿಯಲಿಲ್ಲ. ಮೊಳೆಗಳಿಂದ ತಾಳ ಜಾಗಟೆಗಳು ಇಳಿದು ಗಿಟಾರುಗಳು ಏರಿದವು, ತಬಲದ ಸ್ಥಳದಲ್ಲಿ ಕೀಬೋರ್ಡುಗಳು ಮಲಗಿದವು. ತಿರುವಾಂಕೂರಿನ ಕಡೆಯಿಂದ ಬಂದು ಕಡಬ, ನೆಲ್ಯಾಡಿಗಳ ಗುಡ್ಡಗಳಲ್ಲಿ ರಬ್ಬರು ಬೆಳೆದ ಕ್ರೈಸ್ತ ಕುಟುಂಬಗಳ ಇಗರ್ಜಿಗಳೂ ಕೀಬೋರ್ಡಿಗೆ ಹೊರಳಿದವು. ಕೊನೆಗೆ ಅಂಗೈಯಲ್ಲಿನ ಮೊಬೈಲೇ ತಂಬೂರಿಯಾಗಿ, ಆ ವಿದ್ಯುತ್ ಪೆಟ್ಟಿಗೆಗೂ ಗಿರಾಕಿಗಳು ಕಡಮೆಯಾದರು.

ಊದುವ ವಾದ್ಯದ ಕಥೆ ಇನ್ನೂ ವಿಚಿತ್ರವಾದುದು. ಬಂಟ್ವಾಳ ತಾಲೂಕಿನ ಸಜಿಪಮೂಡದ ನಾಗಸ್ವರವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರಿನ ಬ್ಯಾಂಡಿನಲ್ಲಿ ಸ್ಯಾಕ್ಸಫೋನನ್ನು ಕೇಳಿ ಮನಸೋತು, ವರ್ಷಗಟ್ಟಲೆ ಅದನ್ನು ಪಳಗಿಸಿ ಕರ್ನಾಟಕ ಸಂಗೀತದ ಗಮಕಗಳನ್ನು ಅದರಿಂದ ಹೊರಡಿಸಿದುದು ಜಗತ್ತೇ ಬಲ್ಲ ವಿಷಯ. ಅವರು 2019ರಲ್ಲಿ ತೀರಿಕೊಂಡರು. ಶಿವರಾಮ ಕಾರಂತರೂ ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸಫೋನನ್ನೂ ಬಳಸಿದ್ದರು. ಇಬ್ಬರು ಮಹನೀಯರ ಪ್ರತಿಭೆಯ ಫಲವನ್ನು ಜನ ತಮಗೆ ತೋಚಿದಂತೆ ಸವಿದರು: ದಕ್ಷಿಣ ಕನ್ನಡದ ಮದುವೆಗಳಲ್ಲಿ, ದೇವರ ಬಲಿಯಲ್ಲಿ, ನಾಗಸ್ವರವಿದ್ದ ಎಡೆಯಲ್ಲಿ ಇಂದು ಬಹುತೇಕ ಸ್ಯಾಕ್ಸಫೋನು ಹೊಳೆಯುತ್ತದೆ. ನಾಗಸ್ವರದ ಸೀವಾಳಿಯನ್ನು ತಂಜಾವೂರಿನ ಕಡೆಯಿಂದ ತರಿಸಿಟ್ಟುಕೊಳ್ಳುವ ಅಗತ್ಯ ಅಂಗಡಿಗೆ ಕಡಮೆಯಾಯಿತು.

ಇಷ್ಟನ್ನು ಓದಿ ಸಂಗೀತವೇ ಕ್ಷೀಣಿಸಿತೆಂದು ಯಾರಾದರೂ ತಿಳಿದರೆ ಅದು ಸರಿಯಲ್ಲ. ಚೆಂಡೆ ಮದ್ದಳೆಗಳಿಗೆ ಪರ್ಯಾಯವನ್ನು ಯಾರೂ ಕಂಡುಹಿಡಿದಿಲ್ಲ. ಮಕ್ಕಳ ಮೇಳಗಳೂ ಹೆಂಗಸರ ಮೇಳಗಳೂ ಹುಟ್ಟಿಕೊಂಡಿವೆ, ಊರೂರಿನಲ್ಲಿ ಹಿಮ್ಮೇಳದ ತರಗತಿಗಳು ನಡೆಯುತ್ತಿವೆ. ಚೆಂಡೆ ಬೇಕಾದವನು ಈಗ ನೇರವಾಗಿ ತಯಾರಕನಿಗೇ ಫೋನು ಮಾಡುತ್ತಾನೆ. ಪಾಲ್ಘಾಟಿನ ಸಮೀಪದ ಪೆರುವೆಂಬದಂತಹ, ಚರ್ಮವಾದ್ಯಗಳಿಗೆ ಪ್ರಸಿದ್ಧವಾದ ಊರುಗಳು ಇಂದು ಅಷ್ಟೇನೂ ದೂರವಲ್ಲ. ಹುಬ್ಬಳ್ಳಿ ಧಾರವಾಡಗಳ ಗವಾಯಿಗಳಿಗೆ ತಂಬೂರಿಗಳನ್ನು ಒದಗಿಸಿದ ಮೀರಜಿನಲ್ಲಿ, ವೀಣೆ ಮಾಡುವ ದೊಡ್ಡಬಳ್ಳಾಪುರ ಸೀಮೆಯ ಸಿಂಪಾಡಿಪುರದಲ್ಲಿ, ಬೆಂಗಳೂರಿನ ಬಳೇಪೇಟೆಯ ಸಾಲಿನಲ್ಲಿ ಕುಶಲಿಗಳ ಕೈ ಇನ್ನೂ ಆಡುತ್ತಿದೆ. ಮಾಡುವವನು ದೂರದಲ್ಲಿ ಉಳಿದನು, ನುಡಿಸುವವನು ಊರಿನಲ್ಲಿ ಉಳಿದನು. ಇಬ್ಬರ ನಡುವೆ ನಿಂತು, ಕೆಟ್ಟುದನ್ನು ಸರಿಪಡಿಸುತ್ತಿದ್ದ ಮೂರನೆಯವನು ಹೋದನು. ನನ್ನ ಅಳಲು ಅವನನ್ನು ಕುರಿತದ್ದು.

ಮಂಗಳೂರು ಹಾಸನಗಳ ನಡುವಣ ರೈಲುಮಾರ್ಗವು 1979ರಲ್ಲಿ ಪೂರ್ಣಗೊಂಡಿತು. ದೊಡ್ಡ ಹಳಿಗೆ ಬದಲಾಯಿಸುವ ಸಲುವಾಗಿ 1990ರ ದಶಕದಲ್ಲಿ ಅದನ್ನು ನಿಲ್ಲಿಸಲಾಗಿ, 2007ರ ಕೊನೆಯಲ್ಲಿ ಪ್ರಯಾಣಿಕರ ಬಂಡಿಗಳು ಮತ್ತೆ ಓಡಿದವು. ಆ ಮಾರ್ಗದಲ್ಲಿ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಮುನ್ನ ಕೋಡಿಂಬಾಳದ ಸಣ್ಣ ನಿಲ್ದಾಣವಿದೆ. ಹಾರ್ಮೋನಿಯಮ್ಮನ್ನು ಬಸ್ಸಿನ ತಲೆಯ ಮೇಲೆ ಕಟ್ಟಿ, ಅದು ಜಾರೀತೆಂಬ ಭಯದಿಂದ ಪ್ರತಿಯೊಂದು ತಿರುವಿನಲ್ಲಿಯೂ ತಲೆ ಹೊರಹಾಕಿ ನೋಡುತ್ತ ಪುತ್ತೂರಿಗೆ ಹೋಗುತ್ತಿದ್ದ ಊರಿಗೆ, ಅದನ್ನು ಮಡಿಲಲ್ಲಿಟ್ಟುಕೊಂಡು ಹೋಗಬಹುದಾದ ರೈಲು ಮರಳಿ ಬಂದಿತು. ಬಂದುದು ಒಯ್ದುಕೊಡಲು ಅಂಗಡಿಗಳು ವಿರಳವಾದ ಕಾಲಕ್ಕೆ.

ಭಜನಾಮಂದಿರಗಳ ಕಪಾಟಿನಲ್ಲಿ ಆ ಪೆಟ್ಟಿಗೆಗಳು ಇನ್ನೂ ಇವೆ. ಕೆಂಪು ವಸ್ತ್ರವನ್ನು ಹೊದಿಸಿ, ಕುಂಕುಮವನ್ನಿಟ್ಟು, ನವರಾತ್ರಿಯ ಹೊತ್ತಿಗೆ ಹೊರತೆಗೆಯುತ್ತಾರೆ. ಮಳೆಯ ತೇವ ಇನ್ನೂ ಆರಿರುವುದಿಲ್ಲ. ಹಿರಿಯರು ತಿದಿಯನ್ನು ಬಿಚ್ಚಿ ಎರಡು ಸಲ ಎಳೆದು ನೋಡಿ, ಎಂದಿನಂತೆ ಕಪ್ಪು ಎರಡನ್ನು ಒತ್ತುತ್ತಾರೆ. ಅದು ಕೆಳಗೆ ಹೋದುದು ಮೇಲಕ್ಕೆ ಬರುವುದಿಲ್ಲ. ಉಗುರಿನಿಂದ ಎಬ್ಬಿಸಿದರೆ ಏಳುತ್ತದೆ, ಮತ್ತೆ ಒತ್ತಿದರೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಹೆಂಗಸರೂ ಮಕ್ಕಳೂ ತಾಳಗಳನ್ನು ಹಿಡಿದು ಕಾಯುತ್ತಿದ್ದಾರೆ, ದೀಪಕ್ಕೆ ಎಣ್ಣೆ ಹೊಯ್ದಾಗಿದೆ. "ಇರಲಿ, ಇವತ್ತು ಬಿಳಿ ಎರಡರಲ್ಲಿ ಹೇಳುವ" ಎಂದು ಅವರು ಪಕ್ಕದ ಮನೆಗೆ ಬೆರಳನ್ನು ಸರಿಸುತ್ತಾರೆ. ಭಜನೆಯು ಅರ್ಧ ಸ್ವರದಷ್ಟು ಕೆಳಗಿನಿಂದ ಆರಂಭವಾಗುತ್ತದೆ.